ಲಗೂನ್ ತಳದ ಮರಳು ಪದರ ಚಂಡಮಾರುತದ್ದೇ ಎಂದು ಹೇಗೆ ಹೇಳುತ್ತಾರೆ?

ಪ್ರಶ್ನೆ:
ಕಡಲಂಚಿನ ಲಗೂನುಗಳ (ಮರಳದಿಬ್ಬವೊಂದು ಕಡಲಿನಿಂದ ಬೇರ್ಪಡಿಸಿದ ಆಳವಿಲ್ಲದ ನೀರಿನ ಹರವುಗಳ) ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರಿನಲ್ಲಿ ಅಲ್ಲಲ್ಲಿ ಕಾಣುವ ತೆಳು ಮರಳು ಪದರಗಳನ್ನು ಎಣಿಸಿ, ಸಾವಿರಾರು ವರ್ಷಗಳ ಚಂಡಮಾರುತಗಳ ಲೆಕ್ಕ ಹೇಳುತ್ತಾರೆಂದು ಓದಿದ್ದೇನೆ. ಆ ಮರಳನ್ನು ಹೊಳೆಯ ನೆರೆಯೋ ಸುನಾಮಿಯೋ ತಂದಿರಬಾರದೇಕೆ? ಮರಳೇ ಇಲ್ಲದ ಭಾಗವನ್ನು ಶಾಂತ ಕಾಲವೆಂದು ತಿಳಿಯಬಹುದೇ?

ಉತ್ತರ 1:
ಹೊಳೆಯದ್ದನ್ನು ಬೇರ್ಪಡಿಸುವುದು ಸುಲಭ. ಕಡಲು ಮರಳದಿಬ್ಬ ದಾಟಿ ತಂದ ಪದರವು ದಿಬ್ಬದ ಮಗ್ಗುಲಲ್ಲಿ ದಪ್ಪವಾಗಿದ್ದು ಒಳನಾಡಿನ ಕಡೆಗೆ ತೆಳುವಾಗುತ್ತದೆ. ಅದರಲ್ಲಿ ಉಪ್ಪುನೀರಿನ ಸೂಕ್ಷ್ಮಜೀವಿಗಳ ಚಿಪ್ಪುಗಳೂ ಸಿಗುವುದುಂಟು. ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳಿಗಾಗಿ ಕೆಸರನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿ, ಒಣಗಿಸಿ, ತೂಗಿ, ಸುಮಾರು 550 ಡಿಗ್ರಿ ಶಾಖದಲ್ಲಿ ಸುಟ್ಟು ಮತ್ತೆ ತೂಗುತ್ತಾರೆ. ಕೊಳೆತ ಎಲೆ, ಬೇರುಗಳಿಂದ ಕೂಡಿದ ಕಪ್ಪು ಕೆಸರಿನ ತೂಕ ಗಣನೀಯವಾಗಿ ಇಳಿಯುತ್ತದೆ, ಮರಳಿನದು ಇಳಿಯುವುದೇ ಇಲ್ಲವೆನ್ನಬಹುದು.

ಉತ್ತರ 2:
ಸುನಾಮಿಯ ವಿಷಯ ಅಷ್ಟು ಸಲೀಸಲ್ಲ, ಪದರವೊಂದನ್ನೇ ನೋಡಿ ತೀರ್ಮಾನಿಸಲಾಗದ ಸಂದರ್ಭಗಳಿವೆ. ಆದ್ದರಿಂದ ಮೊದಲು ದಾಖಲೆಯಲ್ಲಿರುವ ಬಿರುಗಾಳಿಗೆ ಹೋಲಿಸುತ್ತಾರೆ. ಅಮೆರಿಕದ ರೋಡ್ ಐಲೆಂಡ್‌ನ ಸಕಟಾಶ್ ಜೌಗಿನಲ್ಲಿ 1815 ಮತ್ತು 1938ರ ಚಂಡಮಾರುತಗಳಿಗೆ ಹೊಂದುವ ಮರಳು ಪದರಗಳು ದೊರೆತಿವೆ. ಇತ್ತೀಚಿನ ಪದರಗಳ ಕಾಲವನ್ನು ಅಣ್ವಸ್ತ್ರ ಪರೀಕ್ಷೆಗಳಿಂದ ಉದುರಿದ ವಿಕಿರಣಶೀಲ ವಸ್ತು ಸೀಸಿಯಂ-137 ತೋರಿಸುತ್ತದೆ, ಅದರ ಉತ್ತುಂಗ 1963ರ ಸುಮಾರಿಗೆ ಬರುತ್ತದೆ. ಹಳೆಯ ಪದರಗಳಿಗೆ ರೇಡಿಯೋಕಾರ್ಬನ್ (ಎಲೆ, ಬೇರುಗಳಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಹೇಳುವ ವಿಧಾನ) ಬೇಕು. ಅದು ಕೊಡುವುದು ಹತ್ತಾರು ವರ್ಷಗಳ ಕಾಲವ್ಯಾಪ್ತಿಯನ್ನೇ ಹೊರತು ನಿಖರ ಇಸವಿಯನ್ನಲ್ಲ.

ಉತ್ತರ 3:
ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮರಳು ಪದರವು ಬಿರುಗಾಳಿಯನ್ನಲ್ಲ, ಕಡಲು ದಿಬ್ಬ ದಾಟಿದ್ದನ್ನು ದಾಖಲಿಸುತ್ತದೆ. ಅಲಬಾಮಾದ ಶೆಲ್ಬಿ ಸರೋವರದಲ್ಲಿ 1979ರ ಫ್ರೆಡರಿಕ್ ಚಂಡಮಾರುತದ ಮರಳು ಕಡಲಬದಿಯ ದಡದ ಹತ್ತಿರವೇ ಉಳಿದಿತ್ತು; ಹೀಗಾಗಿ ಸರೋವರದ ನಡುವೆ ಸಿಕ್ಕ ಪ್ರಾಚೀನ ಪದರಗಳು ಅದಕ್ಕಿಂತ ಪ್ರಬಲವಾದವುಗಳದ್ದಿರಬೇಕೆಂದು ಸಂಶೋಧಕರಾದ ಲಿಯು ಮತ್ತು ಫಿಯರ್ನ್ 1993ರಲ್ಲಿ ವಾದಿಸಿದರು. ದಿಬ್ಬ ಎತ್ತರವಾದರೆ ಅದೇ ಬಿರುಗಾಳಿ ಗುರುತೇ ಬಿಡದೆ ಹೋಗಬಹುದು. ಪೋರ್ಟೊ ರಿಕೋಗೆ ಸೇರಿದ ವಿಯೆಕೆಸ್ ದ್ವೀಪದ ಲಗೂನಿನ ಸುಮಾರು 5,000 ವರ್ಷಗಳ ಕೆಸರನ್ನು 2007ರಲ್ಲಿ ವರದಿ ಮಾಡಿದ ಡಾನೆಲಿ ಮತ್ತು ವುಡ್ರಫ್, ಈ ಸಂದೇಹದಿಂದಲೇ ಅದನ್ನು ನ್ಯೂಯಾರ್ಕ್ ಕರಾವಳಿಯ ದಾಖಲೆಯೊಂದಿಗೂ ಹೋಲಿಸಿ ನೋಡಿದರು. ದೂರದ ಎರಡು ದಿಬ್ಬಗಳು ಏಕಕಾಲಕ್ಕೆ ಬೆಳೆದು ಕುಗ್ಗುವುದು ಅಪರೂಪವಷ್ಟೆ; ಹಾಗಾಗಿ ಎರಡೂ ಕಡೆಯ ದಾಖಲೆ ಹೊಂದಿದರೆ ಕಾರಣ ದಿಬ್ಬವಲ್ಲ, ಬಿರುಗಾಳಿಗಳೇ ಎನ್ನಲು ಬಲ ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಒಂದೇ ಲಗೂನಿನ ಪದರಗಳನ್ನು ಎಣಿಸಿ ಬರೆದ ಲೇಖನ ಸಿಕ್ಕಾಗ, ದಿಬ್ಬದ ಚರಿತ್ರೆಯ ಬಗ್ಗೆ ಏನು ಹೇಳಿದ್ದಾರೆಂಬುದನ್ನೇ ಮೊದಲು ಹುಡುಕುತ್ತೇನೆ.