ಸೈಕಾಲಜಿ ಪಿಎಚ್.ಡಿ: ಎರಡು ಕಡೆ ಸೀಟು ಕೈತಪ್ಪಿದೆ, ಮುಂದೇನು?

ದುರ್ಗದವಳು:
ಎಂ.ಎಸ್ಸಿ ಸೈಕಾಲಜಿ, ಶೇ 63, ಸಾಮಾನ್ಯ ವರ್ಗ. ಒಂದು ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆಗೆ 100ಕ್ಕೆ 61, ಸಂದರ್ಶನದಲ್ಲಿ 30ಕ್ಕೆ 11. ಇನ್ನೊಂದರಲ್ಲಿ ಪರೀಕ್ಷೆಯಲ್ಲೇ 46. ಸಿನಾಪ್ಸಿಸ್ (ಸಂಶೋಧನಾ ಪ್ರಸ್ತಾವದ ಸಾರಾಂಶ) ವಿಷಯ: ‘ಚಿತ್ರದುರ್ಗದ ಪಿಯು ವಿದ್ಯಾರ್ಥಿಗಳಲ್ಲಿ ಒತ್ತಡ, ಹೊಂದಾಣಿಕೆ ಮತ್ತು ಶೈಕ್ಷಣಿಕ ಸಾಧನೆ’. ಮತ್ತೆ ಅರ್ಜಿ ಹಾಕಲಾ, ನೆಟ್ (ಉಪನ್ಯಾಸಕ ಹುದ್ದೆಗೂ ಪಿಎಚ್.ಡಿ ಪ್ರವೇಶಕ್ಕೂ ನಡೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಬರೆಯಲಾ, ಕ್ಲಿನಿಕಲ್ (ರೋಗಿಗಳ ಮನೋಚಿಕಿತ್ಸೆ) ಕಡೆ ಹೊರಳಲಾ?

ತೊಳಹುಣಸೆ ಬಸ್:
ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. 46 ಬಂದ ಕಡೆ ಅರ್ಹತೆಯೇ ಆಗಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಶೇ 50 ಬೇಕು. ಪತ್ರಿಕೆಯ ಅರ್ಧ ಸಂಶೋಧನಾ ವಿಧಾನ. ಫ್ರಾಯ್ಡ್, ಪಿಯಾಜೆ ಸಿದ್ಧಾಂತ ಬಾಯಿಪಾಠ ಮಾಡಿ ಹೋದವರು ಮುಗ್ಗರಿಸೋದು ಅಲ್ಲೇ.

61 ಬಂದ ಕಡೆ ಲೆಕ್ಕ ಬೇರೆ. ಲಿಖಿತಕ್ಕೆ ಶೇ 70, ಸಂದರ್ಶನಕ್ಕೆ 30. ನಿಮ್ಮದು 42.7 ಜೊತೆ 11, ಒಟ್ಟು 53.7. ಲಿಖಿತದಲ್ಲಿ ಬರೀ 55 ತೆಗೆದು ಸಂದರ್ಶನದಲ್ಲಿ 22 ಗಿಟ್ಟಿಸಿದವರು 60.5ಕ್ಕೆ ಹೋಗಿ ನಿಲ್ತಾರೆ. ಅಲ್ಲಿ ಕೈಕೊಟ್ಟಿದ್ದು ಸಂದರ್ಶನ, ಅಂದರೆ ಬಹುಪಾಲು ಸಿನಾಪ್ಸಿಸ್.

ಗೈಡ್ ಹತ್ತಿರ ಜಾಗ ಇದೆಯಾ ಅನ್ನೋದನ್ನೂ ನೋಡಿ. ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಜನ ಮಾತ್ರ. ನಿವೃತ್ತಿಗೆ 3 ವರ್ಷ ಇಲ್ಲದವರು ಹೊಸಬರನ್ನು ತಗೊಳ್ಳುವಂತಿಲ್ಲ. ಮೈಸೂರಾಗಲಿ ಧಾರವಾಡವಾಗಲಿ, ಶುಲ್ಕ ಕಟ್ಟುವ ಮುಂಚೆ ವಿಭಾಗಕ್ಕೆ ಮೇಲ್ ಹಾಕಿ ಯಾರ ಬಳಿ ಎಷ್ಟು ಖಾಲಿ ಅಂತ ಕೇಳಿ.

ನೆಟ್ ಬರೆಯಿರಿ, ಅದರಲ್ಲಿ ಎರಡು ಮಾತಿಲ್ಲ. 150 ಪ್ರಶ್ನೆ, 3 ಗಂಟೆ, ನೆಗೆಟಿವ್ ಮಾರ್ಕ್ ಇಲ್ಲ. ಪ್ರಶ್ನೆ ಕನ್ನಡದಲ್ಲಿ ಇರಲ್ಲ. ಎರಡನೇ ಪತ್ರಿಕೆಯ 2 ಮತ್ತು 3ನೇ ಘಟಕ (ಸಂಶೋಧನೆ, ಸಂಖ್ಯಾಶಾಸ್ತ್ರ, ಮಾಪನ) ಮೊದಲು ಹಿಡಿಯಿರಿ, ಪ್ರವೇಶ ಪರೀಕ್ಷೆಗೂ ಅದೇ ಓದು. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಆಗದೆ ಪಿಎಚ್.ಡಿ ಅರ್ಹತೆ ಮಾತ್ರ ಬಂದರೆ ಆ ಅಂಕ ಒಂದೇ ವರ್ಷ ನಡೆಯುತ್ತೆ. ಫಲಿತಾಂಶ ಬಂದ ದಿನದಿಂದ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಅಂಕಿಸಂಖ್ಯೆ:
ಆ ಶೀರ್ಷಿಕೆಯಲ್ಲಿ ‘ಚಿತ್ರದುರ್ಗ’ ತೆಗೆದು ಬೇರೆ ಊರು ಹಾಕಿ ಶೋಧಗಂಗಾದಲ್ಲಿ (ಪಿಎಚ್.ಡಿ ಪ್ರಬಂಧಗಳ ಜಾಲತಾಣ) ಹುಡುಕಿ, ಅದೇ ಅಚ್ಚಿನವು ಸಾಲುಸಾಲಾಗಿ ಸಿಗುತ್ತವೆ. ಮೂರು ಚರಗಳಿವೆ (ಅಳೆಯುವ ಅಂಶಗಳು), ಪ್ರಶ್ನೆ ಒಂದೂ ಇಲ್ಲ. ಹೀಗೆ ಬಿಗಿ ಮಾಡಿ: ನೀಟ್ ಮತ್ತೊಮ್ಮೆ ಬರೆಯಲು ದಾವಣಗೆರೆಯ ಕೋಚಿಂಗ್‌ನಲ್ಲಿ ಕೂತವರಿಗೂ ಅದೇ ವಯಸ್ಸಿನ ಡಿಗ್ರಿ ಮೊದಲ ವರ್ಷದವರಿಗೂ ಪರೀಕ್ಷಾ ಆತಂಕದಲ್ಲಿ ವ್ಯತ್ಯಾಸ ಇದೆಯೇ, ನಿದ್ರೆಯ ಅವಧಿ ಅದನ್ನು ವಿವರಿಸುತ್ತದೆಯೇ?

ಮಾಪನವನ್ನು (ಅಳೆಯುವ ಪ್ರಶ್ನಾವಳಿ) ಕನ್ನಡಕ್ಕೆ ತರುವಾಗ ಗೂಗಲ್ ಅನುವಾದ ಬೇಡ. ಇಬ್ಬರು ಬೇರೆಬೇರೆ ಅನುವಾದಿಸಬೇಕು, ಮೂಲ ನೋಡದ ಮೂರನೆಯವರು ಇಂಗ್ಲಿಷಿಗೆ ಮರಳಿಸಬೇಕು, ಆಮೇಲೆ ಸಣ್ಣ ಗುಂಪಿನಲ್ಲಿ ಓದಿಸಿ ನೋಡಬೇಕು. ‘ಐ ಫೀಲ್ ಬ್ಲೂ’ (ಮನಸ್ಸಿಗೆ ಬೇಸರ) ಅನ್ನೋದು ‘ನನಗೆ ನೀಲಿ ಅನಿಸುತ್ತದೆ’ ಆಗಿ ಬಂದ ಪ್ರಶ್ನಾವಳಿಯನ್ನು ಯಾವ ಸಮಿತಿಯೂ ಮೆಚ್ಚೋದಿಲ್ಲ. 18 ತುಂಬದವರಿದ್ದರೆ ಪ್ರಾಂಶುಪಾಲರ ಸಹಿ ಸಾಲದು. ಪೋಷಕರ ಒಪ್ಪಿಗೆ, ಮಗುವಿನ ಸಮ್ಮತಿ ಎರಡೂ ಬೇಕು.

ಕೋಟೆ ಬಾಗಿಲು:
ಕ್ಲಿನಿಕಲ್ ಬಗ್ಗೆ: ಅದು ಪಿಎಚ್.ಡಿ ತಪ್ಪಿತೆಂದು ಹಿಡಿಯುವ ಅಡ್ಡದಾರಿಯಲ್ಲ, ದಾರಿಯೇ ಬೇರೆ. ಬರೀ ಸೈಕಾಲಜಿ ಪಿಎಚ್.ಡಿ ಮಾಡಿದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕುವ ಹಕ್ಕು ಬರುವುದಿಲ್ಲ. ಅದಕ್ಕೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯ ಕೋರ್ಸ್, ಮೇಲ್ವಿಚಾರಣೆಯ ಆಸ್ಪತ್ರೆ ತರಬೇತಿ, ನೋಂದಣಿ ಬೇಕು. ಸಂಸ್ಥೆಯ ಹೆಸರು ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ, ನೀವು ಸೇರುವ ವರ್ಷಕ್ಕೆ ಇದೆಯಾ ನೋಡಿಯೇ ದುಡ್ಡು ಕಟ್ಟಿ. ಪಾಠ ಮಾಡುವ ಆಸೆಯಿದ್ದರೆ ನೆಟ್ ಜೊತೆ ಕೆ-ಸೆಟ್ (ರಾಜ್ಯದ ಉಪನ್ಯಾಸಕ ಅರ್ಹತಾ ಪರೀಕ್ಷೆ) ಕೂಡ ಬರೆಯಿರಿ. ಅದಕ್ಕೆ ಫೆಲೋಶಿಪ್ ಇಲ್ಲ.

ದುರ್ಗದವಳು:
@ಅಂಕಿಸಂಖ್ಯೆ, ಎರಡು ಗುಂಪು ಅಂದರೆ ಎಷ್ಟು ಜನ? ಸಂದರ್ಶನದಲ್ಲಿ ‘300 ಜನ ಯಾಕೆ?’ ಅಂದಾಗ ಉತ್ತರ ಹೊಳೆಯಲಿಲ್ಲ.

ಅಂಕಿಸಂಖ್ಯೆ:
ಜಿ-ಪವರ್ ಅಂತ ಎಷ್ಟು ಜನ ಬೇಕೆಂದು ಲೆಕ್ಕ ಹಾಕುವ ಉಚಿತ ತಂತ್ರಾಂಶ ಇದೆ. ಎರಡು ಸ್ವತಂತ್ರ ಗುಂಪಿನ ಟಿ-ಟೆಸ್ಟ್ (ಸರಾಸರಿಗಳ ಹೋಲಿಕೆ), ಎರಡು ಬಾಲ (ವ್ಯತ್ಯಾಸ ಯಾವ ಕಡೆಗೂ ಇರಬಹುದು ಅಂತ), ಪರಿಣಾಮ ಗಾತ್ರ (ವ್ಯತ್ಯಾಸ ಎಷ್ಟು ದೊಡ್ಡದು) 0.5, ಆಲ್ಫಾ (ಇಲ್ಲದ ವ್ಯತ್ಯಾಸ ಇದೆ ಅನ್ನುವ ಅಪಾಯ) 0.05, ಪವರ್ (ಇರುವ ವ್ಯತ್ಯಾಸ ಪತ್ತೆಯಾಗುವ ಸಾಧ್ಯತೆ) 0.80 ಕೊಡಿ, ಗುಂಪಿಗೆ 64, ಒಟ್ಟು 128 ಬರುತ್ತೆ. 0.5 ಯಾಕೆ ಅಂತ ಮರುಪ್ರಶ್ನೆ ಬಂದೇ ಬರುತ್ತೆ, ಹಿಂದಿನ ಅಧ್ಯಯನದ ಸರಾಸರಿ, ವಿಚಲನೆಯಿಂದ ಲೆಕ್ಕ ಹಾಕಿ ಇಟ್ಟುಕೊಳ್ಳಿ. ಪರೀಕ್ಷೆ ಹತ್ತಿರ ಬಂದಾಗ ಹಂಚಿದರೆ ಅರ್ಧ ತುಂಬಿದ ಹಾಳೆಗಳೇ ವಾಪಸ್ ಬರೋದು, 150 ಪ್ರತಿ ಮಾಡಿಸಿ.