ತೆಂಗಿನ ಗರಿಗೆ ಕರಿ ಮಸಿ: ಔಷಧಿ ಹೊಡೆಯಲೇಬೇಕಾ?

ಚಿಕ್ಕನಾಯಕನಹಳ್ಳಿ ತೋಟ:
ನಮ್ಮದು ಎಂಬತ್ತು ಮರ. ಸಂಕ್ರಾಂತಿ ಕಳೆದ ಮೇಲೆ ಕೆಳಗಿನ ಗರಿಗಳ ಅಡಿಯಲ್ಲಿ ಬೆಳ್ಳಗೆ ಸುರುಳಿ ಸುರುಳಿಯಾಗಿ ಏನೋ ಕೂತಿದೆ. ಗರಿಯ ಮೇಲೆಲ್ಲಾ ಮಸಿ. ಕೆಳಗಿನ ಬಾಳೆ ಎಲೆಯೂ ಕಪ್ಪಾಗಿ ಊಟಕ್ಕೆ ಕುಯ್ಯೋ ಹಾಗಿಲ್ಲ. ಅಂಗಡಿಯವರು ಒಂದು ಔಷಧಿ ಹೇಳಿದ್ದಾರೆ. ಹೊಡೆಸಲಾ?

ಮಳೆಗಾಲ:
ಬೇವಿನೆಣ್ಣೆ ಸಾಕು. ಲೀಟರಿಗೆ 5 ಎಂ.ಎಲ್., ಜೊತೆಗೆ ಸ್ವಲ್ಪ ಸೋಪು. ಗರಿಯ ಅಡಿಗೆ ಬೀಳಬೇಕು.

ಅರಸೀಕೆರೆ ಜೇನುಪೆಟ್ಟಿಗೆ:
ಸ್ವಲ್ಪ ತಡೆಯಿರಿ. ಅದು ಸುರುಳಿ ಬಿಳಿನೊಣ. ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2016ರಲ್ಲಿ, ಪೊಳ್ಳಾಚಿ ಕಡೆ. ಅದು ರಸ ಹೀರಿ ಅಂಟು ಸುರಿಸುತ್ತದೆ, ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ನೀವು ನೋಡಿದ ಮಸಿ ಅದೇ.

ನಾನೂ ಮೊದಲ ವರ್ಷ ಹೆದರಿ ಹೊಡೆಸಿದೆ. ಕೂಲಿ, ಬಾಡಿಗೆ ಪಂಪು ಎಲ್ಲಾ ಸೇರಿ ಜೇಬು ಖಾಲಿ. ಒಂದೂವರೆ ತಿಂಗಳಿಗೆ ನೊಣ ಮೊದಲಿಗಿಂತ ಜಾಸ್ತಿ! ಮೇಲಾಗಿ ಹೊಂಬಾಳೆಗೆ ಬರುತ್ತಿದ್ದ ನನ್ನ ತುಡುವೆ ಜೇನು ಪೆಟ್ಟಿಗೆ ಮುಂದೆ ರಾಶಿ ಬಿದ್ದಿತ್ತು. ಆ ಬೆಳಗ್ಗೆ ಅದನ್ನು ಗುಡಿಸಿದ್ದು ಇನ್ನೂ ಮರೆತಿಲ್ಲ.

ಈ ನೊಣದ ಹಿಂದೆಯೇ ಅದರ ಶತ್ರುವೂ ಬಂದಿದೆ. ಎನ್ಕಾರ್ಸಿಯಾ ಅಂತ ಒಂದು ಕಣಜ, ಒಂದು ಮಿಲಿಮೀಟರೂ ಇಲ್ಲ. ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನೇ ತಿಂದು ಬೆಳೆಯುತ್ತದೆ. ಔಷಧಿ ಹೊಡೆದರೆ ಮೊದಲು ಸಾಯುವುದು ಇದೇ.

ಒಂದು ಗರಿ ಕೊಯ್ದು ಭೂತಕನ್ನಡಿಯಲ್ಲಿ ಅಡಿ ನೋಡಿ. ಬೆಳ್ಳನೆ ಮರಿಗಳ ನಡುವೆ ಕಪ್ಪಾದವು ಇವೆಯಾ? ಇದ್ದರೆ ಅವುಗಳೊಳಗೆ ಕಣಜದ ಮರಿ ಬೆಳೆಯುತ್ತಿದೆ ಅಂತ. ಖಾಲಿ ಚಿಪ್ಪಿನ ಮೇಲೆ ದುಂಡನೆ ತೂತಿದ್ದರೆ ಕಣಜ ಕೊರೆದು ಹೊರಬಂದಿದೆ. ನೊಣವೇ ಹೊರಟಿದ್ದರೆ ಚಿಪ್ಪು ಸೀಳಿರುತ್ತದೆ.

ಚಿಕ್ಕನಾಯಕನಹಳ್ಳಿ ತೋಟ:
ಮಗಳ ಭೂತಕನ್ನಡಿ ತಗೊಂಡು ನೋಡಿದೆ. ಒಂದು ಗರಿಯಲ್ಲಿ ಮೂವತ್ತು ಎಣಿಸಿದೆ, ಹದಿನೇಳು ಕಪ್ಪು. ಐದಾರರಲ್ಲಿ ಸೂಜಿ ಚುಚ್ಚಿದ ಹಾಗೆ ದುಂಡು ತೂತು. ಆದರೆ ರಸ್ತೆ ಪಕ್ಕದ ಹತ್ತು ಗಿಡ್ಡ ಮರಗಳಲ್ಲಿ ಕಪ್ಪು ಒಂದೂ ಇಲ್ಲ.

ಅರಸೀಕೆರೆ ಜೇನುಪೆಟ್ಟಿಗೆ:
ಹಾಗಿದ್ದರೆ ಅರ್ಧ ಕೆಲಸ ಆಗಿಯೇ ಹೋಗಿದೆ ಅಲ್ವಾ! ಕಪ್ಪು ಮರಿ ಇರುವ ಗರಿ ತುಂಡುಗಳನ್ನು, ತೂತು ಬಿದ್ದವನ್ನಲ್ಲ, ಆ ಗಿಡ್ಡ ಮರಗಳಿಗೆ ಕಟ್ಟಿ. ಹಳದಿ ಹಾಳೆಗೆ ಹರಳೆಣ್ಣೆ ಬಳಿದು ನೇತುಹಾಕಿ. ಕೈಗೆಟುಕುವ ಗರಿಗೆ ಜೋರಾಗಿ ನೀರು ಹೊಡೆಯಿರಿ. ಮಸಿಗೆ ತೆಳ್ಳಗೆ ಮೈದಾ ಗಂಜಿ ಚಿಮುಕಿಸಿದರೆ ಒಣಗಿ ಹಕ್ಕಳೆಯಾಗಿ ಏಳುತ್ತದೆ. ಬಿಸಿಲುಗಾಲ ಇರುವವರೆಗೆ ನೊಣ ಸ್ವಲ್ಪ ಕಾಣುತ್ತದೆ, ಮಳೆ ಹಿಡಿದರೆ ಇಳಿಯುತ್ತದೆ.

ಬಾಳೆ ಎಲೆ ಬಿಸಾಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಸಿ ಹೋಗುತ್ತದೆ, ನಮ್ಮ ಮನೆಯಲ್ಲಿ ಹಾಗೇ ಉಣ್ಣುತ್ತೇವೆ.