ಹಿತ್ತಲಲ್ಲಿ ಯುದ್ಧಕಾಲದ ಶೆಲ್ಟರ್ ಸಿಕ್ಕಿದೆ, ಕೆಡವಿಸಲಾ?

ಪ್ರಶ್ನೆ: ಮೇಡಂ, ನಾವು ಲಂಡನ್‌ನಲ್ಲಿ ಹಳೇ ಮನೆ ಕೊಂಡಿದ್ದೇವೆ. ಹಿತ್ತಲಿನ ಬಳ್ಳಿ ಕಡಿಸಿದಾಗ ಮಣ್ಣಲ್ಲಿ ಅರ್ಧ ಹೂತ ತಗಡಿನ ಗೂಡು ಕಾಣಿಸಿತು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿ ಆದಾಗ ಮನೆಯವರು ಅಡಗುತ್ತಿದ್ದ ಆಂಡರ್ಸನ್ ಶೆಲ್ಟರ್ ಅಂತೆ. ಒಳಗೆ ಮೊಣಕಾಲುದ್ದ ನೀರು. ಇಷ್ಟು ತೆಳು ತಗಡು ಬಾಂಬ್ ತಡೆಯುತ್ತಿತ್ತಾ? ಕೆಡವಿಸಿಬಿಡಲಾ?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): ದಯವಿಟ್ಟು ಅವಸರ ಮಾಡಬೇಡಿ. ಹೂತ ಜಾಗದಲ್ಲೇ ಉಳಿದಿರುವುದು ಈಗ ಅಪರೂಪ. ಯುದ್ಧ ಮುಗಿದ ಮೇಲೆ ಎಷ್ಟೋ ತಗಡುಗಳು ಗುಜರಿಗೆ ಹೋದವು. ಇನ್ನು ಕೆಲವನ್ನು ಜನ ಮೇಲೆತ್ತಿ ತೋಟದ ಶೆಡ್ ಮಾಡಿಕೊಂಡರು.

ನೇರವಾಗಿ ಮೇಲೆ ಬಿದ್ದ ಬಾಂಬನ್ನು ಇದು ತಡೆಯುತ್ತಿರಲಿಲ್ಲ. ಹತ್ತಿರ ಎಲ್ಲೋ ಸಿಡಿದಾಗ ನುಗ್ಗುವ ಗಾಳಿಯ ಹೊಡೆತ, ಹಾರಿ ಬರುವ ಚೂರುಗಳಿಂದ ಕಾಪಾಡುತ್ತಿತ್ತು. ಅದರಲ್ಲೂ ಜಾಸ್ತಿ ಕೆಲಸ ಮಾಡಿದ್ದು ಮಣ್ಣು. 4 ಅಡಿ ಗುಂಡಿ ತೋಡಿ ಇಳಿಸಿ, ಮೇಲೆ ಕನಿಷ್ಠ 15 ಇಂಚು ಮಣ್ಣು ಹಾಕಬೇಕಿತ್ತು. ತಗಡು ಕಮಾನಾಗಿ ಬಾಗಿರುವುದರಿಂದ ಆ ಭಾರ ಹೊರುತ್ತಿತ್ತು. ಪೆಟ್ಟು ಬಿದ್ದರೂ ಒಡೆಯದೆ ಬಗ್ಗುತ್ತಿತ್ತು. ಆರೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಅಷ್ಟರಲ್ಲೇ ಆರು ಜನ! 1939ರ ಫೆಬ್ರವರಿಯಿಂದ, ಅಂದರೆ ಯುದ್ಧಕ್ಕೂ ಮೊದಲೇ ಸರ್ಕಾರ ಇವನ್ನು ಹಂಚಿತು. ವರ್ಷಕ್ಕೆ 250 ಪೌಂಡ್‌ಗಿಂತ ಕಡಿಮೆ ಆದಾಯ ಇದ್ದವರಿಗೆ ಪುಕ್ಕಟೆ, ಉಳಿದವರಿಗೆ 7 ಪೌಂಡ್. ಬಡವರ ಮನೆಗೂ ಮುಟ್ಟಿಸಿದ್ದು ನನಗೆ ತುಂಬಾ ದೊಡ್ಡ ಕೆಲಸ ಅನಿಸುತ್ತದೆ.

ಇನ್ನು ನೀರು. ಆಳಕ್ಕೆ ಹೂತಿದ್ದೇ ಅದಕ್ಕೂ ಕಾರಣ. ಲಂಡನ್‌ನಲ್ಲಿ ಬಹಳ ಕಡೆ ಜೇಡಿಮಣ್ಣು, ಮಳೆನೀರು ಬೇಗ ಇಂಗುವುದಿಲ್ಲ. ಆಗಲೂ ಇದೇ ಗೋಳು. ಚಳಿ, ತೇವ, ಜೊತೆಗೆ ನೀರು ಮೊಗೆದು ಹಾಕುವ ಕೆಲಸ. ಬೇಸತ್ತು ಮನೆಯೊಳಗೆ ಮೆಟ್ಟಿಲ ಕೆಳಗೇ ಮಲಗಿದವರೂ ಇದ್ದರು. 1941ರಲ್ಲಿ ಮನೆಯೊಳಗೇ ಇಡುವ, ಉಕ್ಕಿನ ಮೇಜಿನಂಥ ಮಾರಿಸನ್ ಶೆಲ್ಟರ್ ಬಂತು.

ಪ್ರಶ್ನೆ: ಹಾಗಾದರೆ ಉಳಿಸಿಕೊಳ್ತೀವಿ ಮೇಡಂ. ಮಕ್ಕಳು ಒಳಗೆ ಆಡ್ತೀವಿ ಅಂತಾರೆ, ಬಿಡಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಬಾಗಿಲಿಗೆ ಅಡ್ಡ ಕಟ್ಟಿ. ತಗಡಿಗೆ ಸತುವಿನ ಲೇಪ ಇದ್ದರೂ ನೆಲಮಟ್ಟದಲ್ಲಿ, ಬೋಲ್ಟ್‌ಗಳ ಸುತ್ತ ತುಕ್ಕು ತಿಂದಿರುತ್ತದೆ. ಅಲ್ಲಿ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಒತ್ತಿ ನೋಡಿ. ಒಳಗೆ ಹೋದರೆ ತಗಡು ಸತ್ತಿದೆ ಅಂತ ಅರ್ಥ, ಆಗ ಎಂಜಿನಿಯರ್ ಬಂದು ನೋಡಲೇಬೇಕು. ಮುಖ್ಯವಾಗಿ, ಒಂದೇ ಪಕ್ಕದ ಮಣ್ಣು ತೆಗೆಯಬೇಡಿ. ಎರಡೂ ಕಡೆ ಒತ್ತಡ ಸಮ ಇದ್ದರೇ ಕಮಾನು ನಿಲ್ಲುವುದು. ಏನೂ ಅಲುಗಾಡಿಸುವ ಮೊದಲು ಅಳತೆ, ಫೋಟೊ ತೆಗೆದು, ನಿಮ್ಮ ಕೌನ್ಸಿಲ್‌ನಲ್ಲಿ ಹಳೇ ಕಟ್ಟಡಗಳ ವಿಚಾರ ನೋಡುವವರಿಗೆ ಕಳಿಸಿ. ಇಲ್ಲೂ ಹಾಕಿ, ಬೋಲ್ಟ್‌ಗಳ ಸ್ಥಿತಿ ನೋಡಿ ಹೇಳುತ್ತೇನೆ.